ನವೀಕರಿಸಬಹುದಾದ ಇಂಧನ ಮತ್ತು ಕೃಷಿಭೂಮಿ (ಕರ್ನಾಟಕ)

ಸೌರಶಕ್ತಿ, ಪವನಶಕ್ತಿ ಮತ್ತು ಜಲಶಕ್ತಿಯಿಂದ ವಿದ್ಯುತ್ ಉತ್ಪಾದಿಸುವ ಸ್ಥಾವರಗಳಿಗೆ ಸ್ಥಳ ಆರಿಸುವಾಗ ಕೃಷಿಭೂಮಿಯನ್ನೂ ಗ್ರಾಮೀಣ ಜೀವನವನ್ನೂ ಕಾಪಾಡಿಕೊಳ್ಳುವುದು ಹೇಗೆ ಎಂಬುದು ಕರ್ನಾಟಕದ ಭೂಬಳಕೆಯ ಮುಖ್ಯ ಪ್ರಶ್ನೆಗಳಲ್ಲೊಂದು. ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕ್ ಇದಕ್ಕೆ ಪ್ರಮುಖ ಉದಾಹರಣೆ. ಕೊಡಗಿನ ಕರಿಕೆಯಂತಹ ಗುಡ್ಡಗಾಡು ಪ್ರದೇಶಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ಹಿನ್ನೆಲೆ

ವಿದ್ಯುತ್ತಿಗಾಗಿ ಭೂಮಿ ಬಿಟ್ಟುಕೊಟ್ಟ ಅನುಭವ ಕರ್ನಾಟಕಕ್ಕೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಆರಂಭವಾಯಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಗದ್ದೆ, ತೋಟ ಮತ್ತು ಊರುಗಳು ಮುಳುಗಡೆಯಾದವು. ಅಲ್ಲಿಂದ ಬಂದು ಬೇರೆಡೆ ನೆಲೆಸಿದ ಅನೇಕ ಕುಟುಂಬಗಳ ಭೂ ಹಕ್ಕಿನ ಸಮಸ್ಯೆ ದಶಕಗಳವರೆಗೆ ಬಗೆಹರಿಯಲಿಲ್ಲ. ಆದ್ದರಿಂದ ವಿದ್ಯುತ್ ಯೋಜನೆಯೊಂದರ ಲಾಭ ಯಾರಿಗೆ, ಅದರ ಭಾರ ಯಾರಿಗೆ ಎಂಬ ಪ್ರಶ್ನೆ ಸೌರಶಕ್ತಿಯ ಕಾಲಕ್ಕೂ ಮುಂದುವರಿದಿದೆ.

ಪಾವಗಡ ಸೌರ ಪಾರ್ಕ್

'ಶಕ್ತಿಸ್ಥಳ' ಎಂದು ಹೆಸರಿಸಲಾದ ಈ ಪಾರ್ಕ್ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ವ್ಯಾಪ್ತಿಯಲ್ಲಿದೆ. ಇದನ್ನು ಅಭಿವೃದ್ಧಿಪಡಿಸಲು 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 2018ರ ಮಾರ್ಚ್ 1ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಪಾರ್ಕನ್ನು ಉದ್ಘಾಟಿಸಿದರು. 2019ರ ಅಂತ್ಯದ ವೇಳೆಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ತಲುಪಿತು.

ಪಾರ್ಕಿನ ವಿಸ್ತೀರ್ಣ ಸುಮಾರು 13,000 ಎಕರೆ. ಅಂದರೆ ಒಂದು ಮೆಗಾವಾಟಿಗೆ ಆರು ಎಕರೆಗಿಂತ ಹೆಚ್ಚು ಭೂಮಿ ಬಳಕೆಯಾಗಿದೆ. ಪಾವಗಡವು ಮಳೆ ಕಡಿಮೆ ಬೀಳುವ, ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ ತಾಲ್ಲೂಕು. ನೆಲಗಡಲೆ ಇಲ್ಲಿನ ಮುಖ್ಯ ಮಳೆಯಾಶ್ರಿತ ಬೆಳೆ. ಬೆಳೆ ಕೈಕೊಡುವ ವರ್ಷಗಳಲ್ಲಿ ಕೂಲಿ ಅರಸಿ ಬೆಂಗಳೂರಿಗೆ ಗುಳೆ ಹೋಗುವುದು ಸಾಮಾನ್ಯವಾಗಿತ್ತು.

ಗುತ್ತಿಗೆ ವ್ಯವಸ್ಥೆ

ಪಾವಗಡದಲ್ಲಿ ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ದೀರ್ಘಾವಧಿಯ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವಾರ್ಷಿಕ 21,000 ರೂಪಾಯಿ ಬಾಡಿಗೆ ಮತ್ತು ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ ನಿಗದಿಯಾಯಿತು. ಜಮೀನಿನ ಒಡೆತನ ರೈತರಲ್ಲೇ ಉಳಿಯಿತು. ಬರದ ವರ್ಷದಲ್ಲೂ ಖಚಿತ ಆದಾಯ ಬರುವುದು ಈ ವ್ಯವಸ್ಥೆಯ ಹೆಚ್ಚಿನ ಗುಣ.

ಇದರ ಮಿತಿಗಳೂ ಸ್ಪಷ್ಟವಾಗಿವೆ. ಬಾಡಿಗೆಯ ಏರಿಕೆ ವರ್ಷಕ್ಕೆ ಸರಾಸರಿ ಶೇ. 2.5 ಮಾತ್ರ, ಬೆಲೆಗಳು ಇದಕ್ಕಿಂತ ವೇಗವಾಗಿ ಏರಿದರೆ ಬಾಡಿಗೆಯ ನಿಜಮೌಲ್ಯ ಕುಗ್ಗುತ್ತ ಹೋಗುತ್ತದೆ. ಬಾಡಿಗೆ ಸಿಗುವುದು ಪಹಣಿಯಲ್ಲಿ ಹೆಸರಿರುವವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂರಹಿತ ಕೂಲಿಕಾರರಿಗೆ, ವಿಶೇಷವಾಗಿ ಮಹಿಳೆಯರಿಗೆ, ಕೆಲಸ ತಪ್ಪಿತು. ಬೀಳುಭೂಮಿಯಲ್ಲಿ ಕುರಿ, ಮೇಕೆ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡವಾಯಿತು. ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು ಮತ್ತು ಕಾವಲಿನಂತಹ ಹೊಸ ಕೆಲಸಗಳು ಎಲ್ಲರಿಗೂ ಸಾಲುವಷ್ಟಿಲ್ಲ.

ಕಾನೂನು

2013ರ ಭೂಸ್ವಾಧೀನ ಕಾಯ್ದೆಯು ಬಹುಬೆಳೆಯ ನೀರಾವರಿ ಜಮೀನಿನ ಸ್ವಾಧೀನಕ್ಕೆ ಮಿತಿ ಹೇರುತ್ತದೆ. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕೇಳುತ್ತದೆ. ಆ ಅಧ್ಯಯನದಲ್ಲಿ ಜಮೀನಿಲ್ಲದಿದ್ದರೂ ಅದನ್ನೇ ನಂಬಿ ಬದುಕುವವರು ಲೆಕ್ಕಕ್ಕೆ ಬರುತ್ತಾರೆ. ಆದರೆ ರೈತರು ಒಪ್ಪಿ ನೀಡುವ ಗುತ್ತಿಗೆ ಸ್ವಾಧೀನವಲ್ಲವಾದ್ದರಿಂದ ಈ ವಿಧಿಗಳು ಅದಕ್ಕೆ ಅನ್ವಯಿಸುವುದಿಲ್ಲ. ಸೌರ ಫಲಕಗಳ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿಯೂ ಬೇಕಿಲ್ಲ. ಹೀಗಾಗಿ ಭೂರಹಿತರ ನಷ್ಟವನ್ನು ದಾಖಲಿಸುವ ಕಡ್ಡಾಯ ಹಂತವೇ ಇಲ್ಲವಾಗುತ್ತದೆ.

ಕರಿಕೆ ಮತ್ತು ಕೊಡಗು

ಕರಿಕೆಯು ಭಾಗಮಂಡಲದಿಂದ ಕೇರಳದ ಪಾಣತ್ತೂರಿಗೆ ಸಾಗುವ ರಸ್ತೆಯಲ್ಲಿರುವ ಗಡಿಗ್ರಾಮ. ಸುತ್ತಲೂ ಪಶ್ಚಿಮಘಟ್ಟದ ಕಾಡು. ನಡುವೆ ಅಡಿಕೆ, ರಬ್ಬರ್ ಮತ್ತು ಕಾಳುಮೆಣಸಿನ ತೋಟಗಳು. ಭಾರಿ ಮಳೆ, ದೀರ್ಘ ಮೋಡದ ಕಾಲ ಮತ್ತು ಇಳಿಜಾರು ನೆಲದಿಂದಾಗಿ ಬೃಹತ್ ಸೌರ ಪಾರ್ಕಿಗೆ ಇಂತಹ ಸ್ಥಳ ಸೂಕ್ತವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲೂ 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೂ ಸಂಭವಿಸಿದ ಭೂಕುಸಿತಗಳು ಇಳಿಜಾರನ್ನು ಅಗೆದು ಸಮತಟ್ಟು ಮಾಡುವುದರ ಅಪಾಯವನ್ನು ನೆನಪಿಸುತ್ತವೆ.

ವಿದ್ಯುತ್ ಸ್ಥಾವರ ಇಲ್ಲದಿದ್ದರೂ ಅದರ ತಂತಿಗಳು ಊರನ್ನು ತಲುಪಬಹುದು. ಮೈಸೂರು-ಕೋಝಿಕೋಡ್ 400 ಕಿಲೋವೋಲ್ಟ್ ಪ್ರಸರಣ ಮಾರ್ಗಕ್ಕಾಗಿ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರಗಳನ್ನು ಕಡಿಯಲಾಯಿತು. ಇದಕ್ಕೆ ತೀವ್ರ ವಿರೋಧ ವ್ಯಕ್ತವಾಗಿತ್ತು. ಕಾಫಿ ತೋಟದ ನೆರಳುಮರಗಳು ಹೋದರೆ ಬೆಳೆಯೂ ಬದಲಾಗಬೇಕಾಗುತ್ತದೆ.

ಕರಿಕೆಯಿಂದ ಗಡಿಯಾಚೆ, ಪಾಣತ್ತೂರು-ಕಾಞಂಗಾಡ್ ರಸ್ತೆಯ ಅಂಬಲತ್ತರದಲ್ಲಿ 50 ಮೆಗಾವಾಟ್ ಸೌರ ಪಾರ್ಕ್ ಇದೆ. ಕಾಸರಗೋಡು ಜಿಲ್ಲೆಯ ಕನ್ನಡಿಗರಿರುವ ಪೈವಳಿಕೆಯಲ್ಲಿಯೂ ಅಷ್ಟೇ ಸಾಮರ್ಥ್ಯದ ಪಾರ್ಕ್ ಸ್ಥಾಪನೆಯಾಗಿದೆ.

ಪರ್ಯಾಯ ಮಾರ್ಗಗಳು

ಕೃಷಿಭೂಮಿಯ ಮೇಲಿನ ಒತ್ತಡವನ್ನು ತಗ್ಗಿಸುವ ಕೆಲವು ವಿಧಾನಗಳು ಬಳಕೆಯಲ್ಲಿವೆ.

ಸಣ್ಣ ಸ್ಥಾವರಗಳು: ಕರ್ನಾಟಕದ 2014ರ ಸೌರನೀತಿಯಲ್ಲಿ ರೈತರು ಸ್ವಂತ ಜಮೀನಿನಲ್ಲಿ 1ರಿಂದ 3 ಮೆಗಾವಾಟಿನ ಘಟಕ ಸ್ಥಾಪಿಸಲು ಅವಕಾಶವಿತ್ತು. 2019ರ ಕೇಂದ್ರದ ಕುಸುಮ್ ಯೋಜನೆಯು ಬರಡು ಅಥವಾ ಬೀಳುಭೂಮಿಯಲ್ಲಿ 2 ಮೆಗಾವಾಟ್‌ವರೆಗಿನ ಘಟಕಗಳಿಗೂ ಸೌರ ಪಂಪ್‌ಸೆಟ್‌ಗಳಿಗೂ ನೆರವು ನೀಡುತ್ತದೆ.

ಕೃಷಿ-ಸೌರ ಪದ್ಧತಿ: ಫಲಕಗಳನ್ನು ಎತ್ತರದ ಕಂಬಗಳ ಮೇಲೆ ಅಂತರ ಬಿಟ್ಟು ನಿಲ್ಲಿಸಿ ಕೆಳಗೆ ಬೆಳೆ ಬೆಳೆಯಲಾಗುತ್ತದೆ. ಜಪಾನ್ ಮತ್ತು ಜರ್ಮನಿಯಲ್ಲಿ ಇದು ಪ್ರಚಲಿತವಾಗಿದೆ. ಕಂಬಗಳ ಹೆಚ್ಚುವರಿ ವೆಚ್ಚವೇ ಇದಕ್ಕಿರುವ ಮುಖ್ಯ ತೊಡಕು.

ಕಾಲುವೆ ಮತ್ತು ಚಾವಣಿ: ಕೊಡಗಿನಲ್ಲಿ ಹುಟ್ಟಿ ಕೇರಳಕ್ಕೆ ಹರಿಯುವ ಬಾರಾಪೊಳೆಯ ಕಿರು ಜಲವಿದ್ಯುತ್ ಯೋಜನೆಯಲ್ಲಿ ಕಾಲುವೆಯ ಮೇಲೂ ದಂಡೆಯಲ್ಲೂ ಫಲಕಗಳನ್ನು ಅಳವಡಿಸಲಾಗಿದೆ. ಮನೆ, ಶಾಲೆ ಮತ್ತು ಗೋದಾಮುಗಳ ಚಾವಣಿಗೂ ಪ್ರತ್ಯೇಕ ಭೂಮಿ ಬೇಕಿಲ್ಲ.

ಗುತ್ತಿಗೆ ಅನಿವಾರ್ಯವಾದಲ್ಲಿ ಬಾಡಿಗೆಯನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸುವುದು, ಮೇವಿಗಾಗಿ ಕುರಿಗಳಿಗೆ ಪ್ರವೇಶ ನೀಡುವುದು, ಭೂರಹಿತರಿಗೆ ಪಾಲು ಗೊತ್ತುಪಡಿಸುವುದು ಮತ್ತು ಅವಧಿ ಮುಗಿದ ಮೇಲೆ ಫಲಕ, ಕಾಂಕ್ರೀಟುಗಳನ್ನು ತೆಗೆದು ಜಮೀನನ್ನು ಉಳುಮೆಗೆ ಯೋಗ್ಯವಾಗಿ ಮರಳಿಸುವುದು ಒಪ್ಪಂದದಲ್ಲಿ ಸೇರಬಹುದಾದ ಅಂಶಗಳು.