ಗುಮ್ಮಟವೂ ಗೊಮ್ಮಟನೂ

ಪದದ ಚರಿತ್ರೆಯನ್ನು ಅರಸುವವನಿಗೆ ಕಿವಿಯೊಂದೇ ನಂಬತಕ್ಕ ಸಾಕ್ಷಿಯಲ್ಲ. ಇದನ್ನು ನಾನು ನನ್ನ ವಿದ್ಯಾರ್ಥಿಯೊಬ್ಬನಿಂದ ಕಲಿತೆನು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಕಾಸರಗೋಡಿನಿಂದ ವಿಜಯಪುರಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಗೋಲಗುಮ್ಮಟದ ನಡುವೆ ನಿಂತು ತಲೆಯೆತ್ತಿ ನೋಡಿದ ಏಳನೆಯ ತರಗತಿಯ ಹುಡುಗನು, “ಮಾಷ್ಟ್ರೇ, ಗೊಮ್ಮಟನ ಮೂರ್ತಿ ಎಲ್ಲಿದೆ?” ಎಂದು ಕೇಳಿದನು. ಜೊತೆಯವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಗುಮ್ಮಟ, ಗೊಮ್ಮಟ ಎರಡೂ ಒಂದೇ ಪದದ ರೂಪಗಳೆಂದೂ ಎತ್ತರವಾದುದೆಂಬುದೇ ಅವುಗಳ ಅರ್ಥವೆಂದೂ ತರಗತಿಯಲ್ಲಿ ಹೇಳಿಕೊಟ್ಟವನು ನಾನೇ. ಹುಡುಗನ ತಪ್ಪಿನ ಬೇರು ಗುರುವಿನಲ್ಲಿತ್ತು. ಆ ಋಣವನ್ನು ತೀರಿಸುವುದಕ್ಕಾಗಿ ಈ ಲೇಖನ.

ಗುಮ್ಮಟವು ಪಾರಸಿಯ ‘ಗುಂಬದ್’ ಎಂಬುದರಿಂದ ಬಂದ ಪದ. ಪಾರಸಿಗಿಂತ ಹಿಂದಿನ ಪಹ್ಲವಿ ಭಾಷೆಯಲ್ಲಿಯೂ ಅದು ಇದ್ದಿತು. ನಮ್ಮ ದೇಶದಲ್ಲಿ ಅದು ‘ಗುಂಬಜ್’ ಎಂದಾಯಿತು. ಮರಾಠಿಯಲ್ಲಿ ‘ಘುಮಟ’, ಕನ್ನಡದಲ್ಲಿ ‘ಗುಮ್ಮಟ’. ಬೋಗುಣಿಯನ್ನು ಬೋರಲು ಹಾಕಿದಂತಿರುವ ಚಾವಣಿ ಎಂಬುದು ಇದರ ಮೊದಲ ಅರ್ಥ. ಆದರೆ ಅರಸರ ಗೋರಿಗಳ ಮೇಲೆ ಇಂತಹ ಚಾವಣಿಯನ್ನು ಕಟ್ಟುವುದು ರೂಢಿಯಾದುದರಿಂದ, ಚಾವಣಿಯ ಹೆಸರು ಗೋರಿಯ ಕಟ್ಟಡಕ್ಕೇ ಅಂಟಿಕೊಂಡಿತು. ಇರಾನಿನಲ್ಲಿ ಸುಮಾರು 1006ರಲ್ಲಿ ಕಟ್ಟಿದ ‘ಗುಂಬದ್-ಎ-ಕಾಬೂಸ್’ ಎಂಬ ಗೋರಿಯ ಗೋಪುರಕ್ಕೆ ಇರುವುದು ಮೊನಚಾದ ಶಂಕುವಿನಾಕಾರದ ಮಾಡು. ಆದರೂ ಅದರ ಹೆಸರು ಗುಂಬದ್!

ಈ ಎರಡು ಅರ್ಥಗಳೂ ನಮ್ಮ ನಾಡಿನಲ್ಲಿ ಕಾಣುತ್ತವೆ. ಕಲಬುರಗಿಯ ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ. ಇಡಿಯ ಕಟ್ಟಡಕ್ಕೆ ಕಮಾನು, ಗುಮ್ಮಟಗಳ ಮುಚ್ಚಿಗೆಯಿದೆ. ಅಲ್ಲಿ ಗುಮ್ಮಟವೆಂದರೆ ಚಾವಣಿಯೇ. ಅದೇ ಊರಿನ ‘ಹಫ್ತ್ ಗುಂಬಜ್’ ಎಂಬುದು ಬಹಮನಿ ಸುಲ್ತಾನರ ಗೋರಿಗಳ ಸಮೂಹ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವು ತನ್ನ ತಂದೆ ಹೈದರಾಲಿಗಾಗಿ 1782-84ರಲ್ಲಿ ಕಟ್ಟಿಸಿದ ಗೋರಿಯ ಇಡಿಯ ಕಟ್ಟಡವನ್ನು ಜನ ‘ಗುಂಬಜ್’ ಎಂದೇ ಕರೆಯುತ್ತಾರೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿಯಾದ ಗೋಲಗುಮ್ಮಟದಲ್ಲಿ ಎರಡು ಅರ್ಥಗಳೂ ಕೂಡಿವೆ. ಚೌಕನಾದ ಹಜಾರದ ಮೇಲೆ, ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಎಂಟು ಕಮಾನುಗಳ ಆಧಾರದಲ್ಲಿ, ಒಳಗೆ ಸುಮಾರು 124 ಅಡಿ ಅಡ್ಡಳತೆಯ ಗುಮ್ಮಟವು ನಿಂತಿದೆ. ನಡುವೆ ಒಂದು ಕಂಬವೂ ಇಲ್ಲ.

ಹಾಗಾದರೆ ನಮ್ಮ ಶಿಲ್ಪಿಗಳಿಗೆ ದುಂಡು ಮಾಡು ತಿಳಿದಿರಲಿಲ್ಲವೆಂದಲ್ಲ. ಹೊಯ್ಸಳ ದೇವಾಲಯಗಳಲ್ಲಿ ಕಲ್ಲಿನ ಸುತ್ತುಗಳನ್ನು ಒಂದರ ಮೇಲೊಂದು ಒಳಕ್ಕೆ ಚಾಚಿ ಕಿರಿದುಗೊಳಿಸುತ್ತ ಹೋಗುವ ‘ಭುವನೇಶ್ವರಿ’ ಇದೆ. ಅದು ಒಳಗಿನಿಂದ ಮಾತ್ರ ಕಾಣುವಂಥದು. ದಕ್ಷಿಣದ ವಿಮಾನದ ನೆತ್ತಿಯ ಮೇಲಿನ ದುಂಡಾದ ಅಥವಾ ಎಂಟು ಮೂಲೆಯ ಭಾಗಕ್ಕೆ ‘ಶಿಖರ’ವೆಂದು ಹೆಸರು, ಅದು ಹೊರಗಿನಿಂದ ಕಾಣುವಂಥದು. ಒಳಗೂ ಹೊರಗೂ ತನ್ನ ದುಂಡನ್ನು ತೋರುವ ಚಾವಣಿಯು ಪರದೇಶದ ಕೌಶಲದೊಂದಿಗೆ ಬಂದಿತು; ಹೆಸರೂ ಅದರೊಂದಿಗೇ ಬಂದಿತು.

ಇನ್ನು ಗೊಮ್ಮಟನ ಮಾತು. ಗಂಗರ ಮಂತ್ರಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದುದು ಸುಮಾರು 981ರಲ್ಲಿ. ಬೊಪ್ಪಣ ಕವಿಯು ಗೊಮ್ಮಟನನ್ನು ಸ್ತುತಿಸಿದ ಶಾಸನವು ಸುಮಾರು 1180ರದು. ಕನ್ನಡ ನಾಡಿನಲ್ಲಿ ಗುಮ್ಮಟಗಳು ಹೆಚ್ಚಿದುದು 1347ರಲ್ಲಿ ಬಹಮನಿ ರಾಜ್ಯವು ಹುಟ್ಟಿದ ಮೇಲೆ. ಆದುದರಿಂದ ಗೊಮ್ಮಟನ ಹೆಸರು ಗುಮ್ಮಟದಿಂದ ಬರುವಂತಿಲ್ಲ. ಪಹ್ಲವಿಯಲ್ಲಿಯೇ ಇದ್ದ ಗುಂಬದ್ ಗೊಮ್ಮಟನಿಂದ ಹುಟ್ಟುವಂತೆಯೂ ಇಲ್ಲ. ಗೊಮ್ಮಟವೆಂಬುದು ‘ಮನ್ಮಥ’ದ ತದ್ಭವವೆಂದು ನಮ್ಮ ಮಂಜೇಶ್ವರದ ಗೋವಿಂದ ಪೈಗಳು ವಾದಿಸಿದರು, ಜೈನರಲ್ಲಿ ಬಾಹುಬಲಿಯು ಮೊದಲನೆಯ ಕಾಮದೇವನಷ್ಟೆ. ಆ. ನೇ. ಉಪಾಧ್ಯೆಯವರು ಇದನ್ನೊಪ್ಪದೆ, ಗೊಮ್ಮಟವು ಚಾವುಂಡರಾಯನದೇ ಹೆಸರು, ಅವನ ದೇವರು ಗೊಮ್ಮಟೇಶ್ವರ, ಎಂದರು. ಇಬ್ಬರ ದಾರಿಯೂ ಚಾವಣಿಯತ್ತ ಹೋಗುವುದಿಲ್ಲ. ಆಡುಮಾತಿನಲ್ಲಿ ಗೊಮ್ಮಟಸ್ವಾಮಿಯು ‘ಗುಮ್ಮಟಸ್ವಾಮಿ’ಯಾದುದರಿಂದಲೇ ಎರಡು ಪದಗಳು ನಮ್ಮ ಕಿವಿಯಲ್ಲಿ ಬೆರೆತುಹೋದುವು.

ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ವಿನಂತಿ. ಗಡಿನಾಡಿನ ನಮ್ಮ ಮಕ್ಕಳು ಎರಡು ಮೂರು ಭಾಷೆಗಳ ನಡುವೆ ಬೆಳೆಯುವವರು; ಒಂದೇ ಬಗೆಯಾಗಿ ಕೇಳಿಸುವ ಮಾತುಗಳು ಅವರಿಗೆ ದಿನವೂ ಎದುರಾಗುತ್ತವೆ. ಅವು ಒಂದೇ ಎನ್ನುವ ಮೊದಲು ಕಾಲವನ್ನೂ ವಸ್ತುವನ್ನೂ ವಿಚಾರಿಸುವುದನ್ನು ಅವರಿಗೆ ಕಲಿಸೋಣ. ಪರಭಾಷೆಯಿಂದ ಬಂದುದೆಂಬ ಮಾತ್ರಕ್ಕೆ ಗುಮ್ಮಟವು ಕನ್ನಡವಲ್ಲದೆ ಹೋಗುವುದಿಲ್ಲ. ಅದಕ್ಕೆ ಸುಳ್ಳು ವಂಶಾವಳಿಯನ್ನು ಕಟ್ಟಬೇಕಾದುದೂ ಇಲ್ಲ.

ಮರುವರ್ಷ ಅದೇ ಹುಡುಗನನ್ನು ಕಾರ್ಕಳದ ಬೆಟ್ಟಕ್ಕೆ ಕರೆದೊಯ್ದೆನು. 1432ರಲ್ಲಿ ನಿಲ್ಲಿಸಿದ ಆ ಗೊಮ್ಮಟನ ಮುಂದೆ ನನ್ನ ತಪ್ಪನ್ನು ಅವನಿಗೆ ಹೇಳಿದೆನು. ಅವನು ಬಹಳ ಹೊತ್ತು ಮೇಲೆ ನೋಡಿ, “ಹೌದು ಮಾಷ್ಟ್ರೇ, ಇವನಿಗೆ ಮಾಡೇ ಇಲ್ಲವಲ್ಲ!” ಎಂದನು.