ಮಳೆ ತಡೆದವರು ಯಾರು?
ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ, ಅದರಾಚೆಯ ಕೊಟ್ಟೂರು, ಹರಪನಹಳ್ಳಿ ಸೀಮೆ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ಮುಂಗಾರು ಇಲ್ಲಿಗೆ ತಲುಪುವಷ್ಟರಲ್ಲಿ ಬಡವಾಗಿರುತ್ತದೆ. ಮಳೆ ಕೈಕೊಟ್ಟ ವರ್ಷ ಯಾರೋ ಅದನ್ನು ತಡೆದಿದ್ದಾರೆಂಬ ಗುಮಾನಿ ಮಧ್ಯ ಕರ್ನಾಟಕದ ಬಯಲುಸೀಮೆಗೆ ಹೊಸದಲ್ಲ. ತೊನ್ನು ಇದ್ದವರನ್ನು ಹೂತರೆ ಮಳೆ ನಿಲ್ಲುತ್ತದೆಂದು ನಂಬಿ ಚಿತ್ರದುರ್ಗ, ದಾವಣಗೆರೆ ಕಡೆಯ ಹಳ್ಳಿಗಳಲ್ಲಿ ಗೋರಿ ಅಗೆದು ಶವ ಸುಟ್ಟದ್ದುಂಟು. ಸತ್ತವರನ್ನೂ ಬಿಡದ ಕ್ರೂರ ನಂಬಿಕೆ ಇದು. ತೊನ್ನು ಚರ್ಮದ ಬಣ್ಣ ಮಾಸುವ ಸ್ಥಿತಿಯಷ್ಟೆ, ಅಂಟುರೋಗವೂ ಅಲ್ಲ.

ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದ ಮೇಲೆ ಆರೋಪ ಅತ್ತ ತಿರುಗಿತು: ರೆಕ್ಕೆಗಳು ಮೋಡ ಓಡಿಸುತ್ತವಂತೆ. ಯಂತ್ರದ ಕಂಬ ಸುಮಾರು 100 ಮೀಟರ್. ಮಳೆಮೋಡದ ತಳವೇ ಸಾಮಾನ್ಯವಾಗಿ ಅದರ ಹಲವು ಪಟ್ಟು ಎತ್ತರದಲ್ಲಿರುತ್ತದೆ.

ಮನುಷ್ಯರು ಮಳೆಗೆ ಕೈಹಾಕುತ್ತಾರೆಂಬ ಗುಮಾನಿ ಮಾತ್ರ ಪೂರ್ತಿ ಬುಡವಿಲ್ಲದ್ದೂ ಅಲ್ಲ. 1967ರಿಂದ 1972ರವರೆಗೆ ಅಮೆರಿಕದ ಸೇನೆ ವಿಯೆಟ್ನಾಂ ಯುದ್ಧದಲ್ಲಿ ಎದುರಾಳಿಯ ಸಾಗಣೆ ದಾರಿ ಕೆಸರಾಗಲೆಂದು ಗುಟ್ಟಾಗಿ ಮೋಡಬಿತ್ತನೆ ನಡೆಸಿತು. ಕರ್ನಾಟಕ ಸರ್ಕಾರ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಹೆಸರಿನಲ್ಲಿ ಬಹಿರಂಗವಾಗಿಯೇ ಮೋಡ ಬಿತ್ತಿತು. ಬಿತ್ತನೆಯಿಂದ ಇರುವ ಮೋಡದ ಮಳೆ ತುಸು ಹೆಚ್ಚಬಹುದು, ಇಲ್ಲದ ಮೋಡ ಹುಟ್ಟುವುದಿಲ್ಲ. ಚಂಡಮಾರುತದ ಬಲ ಕುಗ್ಗಿಸಲು 1962ರಲ್ಲಿ ಹೊರಟ ಅಮೆರಿಕದ ಯೋಜನೆಯೂ ಫಲ ಕಾಣದೆ 1983ರಲ್ಲಿ ಮುಚ್ಚಿತು.