ಮಲೆನಾಡಿನ ಮನೆಗಳಲ್ಲಿ ಲಿನಕ್ಸ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆಯಲ್ಲಿ ಲಿನಕ್ಸ್ ಹಾಕಿಕೊಳ್ಳುವವರಿಗೆ ಡಯಲ್‌ಅಪ್ ಕಾಲದಲ್ಲಿ ಮೊದಲ ತೊಡಕು ಮೋಡೆಮ್. ಕಂಪ್ಯೂಟರಿನೊಳಗೇ ಬರುತ್ತಿದ್ದ ಅಗ್ಗದ ಮೋಡೆಮ್‌ಗಳ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರೇ ಮಾಡುತ್ತಿತ್ತು. ಲಿನಕ್ಸ್‌ಗೆ ಅಂಥ ಡ್ರೈವರ್ ಸಿಗುವುದು ಕಷ್ಟವಿತ್ತು. ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹೊರಗಿನ ಮೋಡೆಮ್ ಕೊಳ್ಳುವುದೇ ಜಾಣತನವಾಗಿತ್ತು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದ ಮೇಲೆ ಒಂದು ಈಥರ್ನೆಟ್ ಕೇಬಲ್ ಸಾಕಾಯಿತು.

ಕರೆಂಟಿನ ಕಥೆ ದೊಡ್ಡದು. ಕರೆಂಟ್ ಕೊಡುವ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲ್ಲೂಕಿನಲ್ಲೇ ಇದ್ದರೂ, ಮಳೆಗಾಲದ ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಊರೆಲ್ಲ ಕತ್ತಲೆ. ಕಂಪ್ಯೂಟರ್ ಹೀಗೆ ಥಟ್ಟನೆ ಆರಿದರೆ, ಹಳೆಯ ಇಎಕ್ಸ್‌ಟಿ2 ಕಡತ ವ್ಯವಸ್ಥೆ ಇದ್ದ ಯಂತ್ರ ಮರಳಿ ಏಳುವಾಗ ಇಡೀ ಡಿಸ್ಕನ್ನು ತಡಕುತ್ತಿತ್ತು. 2001ರಲ್ಲಿ ಕರ್ನೆಲ್ ಸೇರಿದ ಇಎಕ್ಸ್‌ಟಿ3 ಬದಲಾವಣೆಗಳನ್ನು ಮೊದಲು ಜರ್ನಲ್ ಎಂಬ ದಾಖಲೆಯಲ್ಲಿ ಬರೆದುಕೊಂಡು, ಕ್ಷಣಗಳಲ್ಲಿ ಸರಿಪಡಿಸಿಕೊಳ್ಳುತ್ತದೆ. ಮಲೆನಾಡಿಗೆ ಇದಕ್ಕಿಂತ ಉಪಕಾರಿಯಾದ ಸುಧಾರಣೆ ಇನ್ನೊಂದಿಲ್ಲ. ಸಿಡಿಲಿಗೆ ಮಾತ್ರ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ: ಅದು ಫೋನ್ ತಂತಿಯಲ್ಲೂ ಬಂದು ಮೋಡೆಮ್ ಸುಡುತ್ತದೆ, ಪ್ಲಗ್ಗಿನ ಜೊತೆ ಆ ತಂತಿಯನ್ನೂ ಕೀಳಲೇಬೇಕು.

ಕನ್ನಡ ಬರೆಯಲು ಆಗ ಜನ ಬಳಸುತ್ತಿದ್ದ ‘ನುಡಿ’, ‘ಬರಹ’ ಎರಡೂ ವಿಂಡೋಸ್‌ನ ತಂತ್ರಾಂಶಗಳು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಮನೆತನದ ಲೇಖಕ ಪೂರ್ಣಚಂದ್ರ ತೇಜಸ್ವಿ ಕನ್ನಡದ್ದೇ ಆದ ತಂತ್ರಾಂಶಕ್ಕಾಗಿ ಕೊನೆಯವರೆಗೂ ದನಿಯೆತ್ತಿದರು. ಈಗ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ವಿನ್ಯಾಸವಿದೆ. ಬೇರೇನೂ ಹಾಕದೆ ಯೂನಿಕೋಡ್ ಕನ್ನಡ ಟೈಪಿಸಬಹುದು.